ಸಾಲಕ್ಕೆ ಸಿಕ್ಕಿಬಿದ್ದ ಸುಪ್ರೀಂ ಕೋರ್ಟ್ ಜಡ್ಜ್

ಅಮೆರಿಕದ ಫಿಲಡೆಲ್ಫಿಯಾದ ಆರ್ಚ್ ಸ್ಟ್ರೀಟ್ ಇದು. ಬೆಂಜಮಿನ್ ಫ್ರಾಂಕ್ಲಿನ್ ಸಮಾಧಿ ಮೇಲೆ ಜನ ಪೆನ್ನಿ ಎಸೀತಾರೆ, ಅದೃಷ್ಟ ಬರುತ್ತಂತೆ. ನಾನೂ ಒಂದು ಎಸೆದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಬಂದಿದ್ದು ಇಲ್ಲೇ ಹತ್ತಿರದ ಕ್ರೈಸ್ಟ್ ಚರ್ಚಿಗೆ. ಅಲ್ಲಿ ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಜೇಮ್ಸ್ ವಿಲ್ಸನ್ ಮಲಗಿದ್ದಾನೆ. ನಾನು ಹೋದಾಗ ಒಂದು ನರಪಿಳ್ಳೆ ಇರಲಿಲ್ಲ.

ಹುಟ್ಟಿದ್ದು 1742ರಲ್ಲಿ, ಸ್ಕಾಟ್ಲೆಂಡಿನ ರೈತರ ಮನೇಲಿ. ಇಲ್ಲಿಗೆ ಬಂದು ಲ್ಯಾಟಿನ್ ಪಾಠ ಹೇಳಿದ, ಜಾನ್ ಡಿಕಿನ್ಸನ್ ಹತ್ರ ವಕೀಲಿಕೆ ಕಲಿತ, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ. ಆಮೇಲೆ ದೇಶದ್ರೋಹದ ಆರೋಪ ಹೊತ್ತವರ ಪರ ವಾದ ಮಾಡಿದ ಅಂತ ಜನಕ್ಕೆ ಸಿಟ್ಟು. 1779ರ ಅಕ್ಟೋಬರಲ್ಲಿ ಬಂದೂಕು ಹಿಡಿದು ಇವನ ಮನೆಗೇ ಬಂದ್ರು. ಒಳಗಿಂದಲೂ ಗುಂಡು, ಹೊರಗಿಂದಲೂ ಗುಂಡು. ಕೆಲವರು ಸತ್ತೇಹೋದ್ರು.

1787ರ ಸಂವಿಧಾನ ಸಭೆ ಇವನ ಅಖಾಡ. 168 ಸಲ ಎದ್ದು ಮಾತಾಡಿದ್ದಾನೆ. ದೇಶ ನಡೆಸೋಕೆ ಒಬ್ಬನೇ ಇರಲಿ ಅಂತ ಜೂನ್ 1ರಂದು ಇವನು ಹೇಳಿದಾಗ ಇಡೀ ಸಭೆ ಗಪ್‌ಚುಪ್. ರಾಜನ ಕಾಟ ತಪ್ಪಿಸಿಕೊಂಡು ಬಂದವರಲ್ವಾ! ಕೊನೆಗೆ ಅದೇ ಫ್ರಾಂಕ್ಲಿನ್, ಇದು ದೊಡ್ಡ ವಿಷಯ, ಮಾತಾಡಿ ಅನ್ನಬೇಕಾಯ್ತು. ಅಧ್ಯಕ್ಷನನ್ನ ಜನರೇ ನೇರವಾಗಿ ಆರಿಸಲಿ ಅಂದಿದ್ದೂ ಇವನೇ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಅನ್ನೋ ಲೆಕ್ಕದಲ್ಲಿ ಐದು ಗುಲಾಮರನ್ನ ಮೂರು ಜನ ಅಂತ ಎಣಿಸೋಣ ಅನ್ನೋ ಸೂತ್ರ ಮಂಡಿಸಿದ್ದೂ ಇದೇ ಮನುಷ್ಯ. ಅದನ್ನ ಮುಚ್ಚಿಡೋಕಾಗಲ್ಲ.

1789ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇವನನ್ನ ಸುಪ್ರೀಂ ಕೋರ್ಟಿಗೆ ನೇಮಿಸಿದ. ಕುರ್ಚಿ ಸಿಕ್ಕರೂ ಜಮೀನಿನ ಹುಚ್ಚು ಬಿಡಲಿಲ್ಲ. ಹಾಸಿಗೆ ನೋಡ್ಕೊಂಡು ಕಾಲು ಚಾಚೋ ಜಾಯಮಾನವೇ ಅಲ್ಲ. ಸಾಲ ತಂದು ಎಕರೆಗಟ್ಟಲೆ ಕೊಂಡ, 1796–97ರಲ್ಲಿ ಮಾರುಕಟ್ಟೆ ಕುಸೀತು. ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಜೈಲು! ಹಾಲಿ ಸುಪ್ರೀಂ ಕೋರ್ಟ್ ಜಡ್ಜ್ ರೀ! ಬಿಡಿಸ್ಕೊಂಡು ನಾರ್ತ್ ಕ್ಯಾರೊಲಿನಾಗೆ ಓಡಿದ್ರೆ ಅಲ್ಲೂ ಹಿಡಿಸಿದ್ರು. ಹಿಡಿಸಿದವನು ಪಿಯರ್ಸ್ ಬಟ್ಲರ್, ಬಾಕಿ 1,97,000 ಡಾಲರ್. ಈ ಬಟ್ಲರ್ ಯಾರು ಗೊತ್ತಾ? ಅದೇ 1787ರ ಸಭೇಲಿ ಇವನ ಜೊತೆ ಕೂತು, ಅದೇ ಸಂವಿಧಾನಕ್ಕೆ ಸಹಿ ಹಾಕಿದವನು.

ಈಡೆಂಟನ್ ಊರಿನ ಹೋಟೆಲ್ ರೂಮಲ್ಲಿ ಮಲೇರಿಯಾ, ಆಮೇಲೆ ಪಾರ್ಶ್ವವಾಯು. ಪಕ್ಕದಲ್ಲಿ ಇದ್ದಿದ್ದು ಎಳೇ ವಯಸ್ಸಿನ ಎರಡನೇ ಹೆಂಡತಿ ಹ್ಯಾನಾ. 1798ರ ಆಗಸ್ಟ್ 21ಕ್ಕೆ ಹೋಗಿಬಿಟ್ಟ, 55 ವಯಸ್ಸು. ಅಲ್ಲೇ ಪರಿಚಯದವರ ಜಮೀನಲ್ಲಿ ಮಣ್ಣು ಮಾಡಿದ್ರು.

ಈ ಕಲ್ಲಿನ ಕೆಳಗೆ ತಂದು ಮಲಗಿಸಿದ್ದು 108 ವರ್ಷ ಕಳೆದ ಮೇಲೆ, 1906ರಲ್ಲಿ. ಅಷ್ಟೊತ್ತಿಗೆ ಫಿಲಡೆಲ್ಫಿಯಾದಲ್ಲಿ ಬಾಕಿ ಕೇಳೋರು ಯಾರೂ ಉಳಿದಿರಲಿಲ್ಲ ಬಿಡಿ.