ರಿಕ್ಟರ್ ಎಷ್ಟು ಅಂತ ಕೇಳಿದ್ದು ಸಾಕು, ಆಳ ಎಷ್ಟು ಅಂತ ಕೇಳಿ

ನಮಸ್ಕಾರ ಸ್ನೇಹಿತರೇ. ಇವತ್ತು ಸೀದಾ ವಿಷಯಕ್ಕೆ ಬರುತ್ತೇನೆ. ಎರಡು ದಿನದಿಂದ ಒಂದು ಕಾಮೆಂಟ್ ನನ್ನ ತಲೆ ತಿನ್ನುತ್ತಿದೆ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಭೂಮಿ ಒಳಗೆ ಪ್ಲೇಟು ಜಾರುತ್ತೆ ಅಂತೀರಲ್ಲ, ಒಳಗೆ ಹೋಗಿ ನೋಡ್ಕೊಂಡು ಬಂದ್ರಾ?" ಅದಕ್ಕೆ ಸಾಲು ಸಾಲು ಲೈಕು ಬೇರೆ.

ಪ್ಲೇಟು ಅಂದರೆ ಭೂಮಿಯ ಹೊರಕವಚದ ಭಾರೀ ಕಲ್ಲಿನ ತಟ್ಟೆ. ಹೋಗಿಲ್ಲ ಸಾರ್. ಹೋಗಬೇಕಾಗಿಯೂ ಇಲ್ಲ. ಒಳಗೆ ಏನಾಗುತ್ತಿದೆ ಅಂತ ಭೂಕಂಪವೇ ಬಂದು ಹೇಳುತ್ತದೆ. ನಾವು ಅರ್ಧ ಕೇಳಿಸಿಕೊಂಡು ಎದ್ದು ಹೋಗುತ್ತೇವೆ, ಅದೇ ತೊಂದರೆ. ಟಿವಿಯಲ್ಲಿ ಏನು ಬರುತ್ತದೆ? "7.5 ತೀವ್ರತೆ!" ಕೆಂಪು ಅಕ್ಷರ, ತೂಗಾಡುವ ಫ್ಯಾನು, ಮುಗೀತು. ಎಷ್ಟು ಆಳದಲ್ಲಿ ಆಯಿತು ಅಂತ ಒಬ್ಬರೂ ಕೇಳುವುದಿಲ್ಲ. ನನ್ನ ಇವತ್ತಿನ ಮಾತು ಇಷ್ಟೇ: ಆಳ ನೋಡಿ.

ಜಪಾನಿಗೆ ಬನ್ನಿ. 1920ರ ದಶಕ. ಕಿಯೋ ವಾದಾತಿ ಅಂತ ಒಬ್ಬ ವಿಜ್ಞಾನಿ. ಭೂಕಂಪ ಆದಾಗ ಎರಡು ಬಗೆಯ ಅಲೆ ಹೊರಡುತ್ತವೆ, ಒಂದು ಜೋರಾಗಿ ಓಡುತ್ತದೆ, ಇನ್ನೊಂದು ನಿಧಾನ. ಮಿಂಚು ಗುಡುಗು ಇದ್ದ ಹಾಗೆ. ಮಿಂಚಿದ ಮೇಲೆ ನಾವು ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೆವು, ಅಲ್ವಾ? ಗುಡುಗು ತಡವಾದರೆ ಸಿಡಿಲು ದೂರ. ಭೂಕಂಪಕ್ಕೂ ಅದೇ ಲೆಕ್ಕ. ಎರಡು ಅಲೆಗಳ ನಡುವಿನ ಅಂತರ ಜಾಸ್ತಿ ಇದ್ದರೆ ಕಂಪನ ದೂರದ್ದು.

ಆದರೆ ಕೆಲವು ಭೂಕಂಪಗಳಲ್ಲಿ ವಾದಾತಿಗೆ ವಿಚಿತ್ರ ಕಂಡಿತು. ಎಲ್ಲಕ್ಕಿಂತ ಹತ್ತಿರದ ಅಳತೆ ಕೇಂದ್ರದಲ್ಲೂ ಅಂತರ ದೊಡ್ಡದಾಗೇ ಇತ್ತು. ಯಾವ ಊರಿಗೂ ಅದು ಹತ್ತಿರ ಇಲ್ಲ! ಹಾಗಾದರೆ ಎಲ್ಲಿದೆ? ಕಾಲ ಕೆಳಗೆ, ನೂರಾರು ಕಿಲೋಮೀಟರ್ ಆಳದಲ್ಲಿ. 1928ರಲ್ಲಿ ಅವರು ಇದನ್ನು ತೋರಿಸಿದರು. 1935ರಲ್ಲಿ ನಕ್ಷೆಯ ಮೇಲೆ ಒಂದೇ ಆಳದ ಭೂಕಂಪಗಳನ್ನು ಗೆರೆ ಎಳೆದು ಸೇರಿಸಿದರು. ಪೂರ್ವದ ಕಡಲ ಕಂದಕದ ಹತ್ತಿರ ಆಳ ಕಡಿಮೆ. ಪಶ್ಚಿಮಕ್ಕೆ ಸರಿದಷ್ಟೂ ಕೆಳಗೆ, ಇನ್ನೂ ಕೆಳಗೆ. ಕಲ್ಯಾಣಿಯ ಮೆಟ್ಟಿಲು ಇಳಿದ ಹಾಗೆ!

ಆಗ ಪ್ಲೇಟ್ ಅನ್ನುವ ಮಾತೇ ಹುಟ್ಟಿರಲಿಲ್ಲ. ಮೆಟ್ಟಿಲು ಮಾತ್ರ ಸಿಕ್ಕಿತ್ತು. ಅದು ಪೆಸಿಫಿಕ್ ತಟ್ಟೆ ಜಪಾನಿನ ಅಡಿಗೆ ಇಳಿದುಹೋಗುವ ದಾರಿ ಅಂತ ಗೊತ್ತಾಗಲು 1960ರ ದಶಕ ಬರಬೇಕಾಯಿತು. ವರ್ಷಕ್ಕೆ 8–9 ಸೆಂಟಿಮೀಟರ್ ಇಳಿಯುತ್ತಿದೆ. ಈಗ ಹೇಳಿ, ಯಾರು ಒಳಗೆ ಹೋಗಿದ್ದರು? ಯಾರೂ ಇಲ್ಲ. ಆಳ ನೋಡಿದರು.

ಇನ್ನು ಜ್ವಾಲಾಮುಖಿ. ಇದು ನನಗೆ ಬಹಳ ಇಷ್ಟದ ಭಾಗ. ಜಪಾನಿನ ಜ್ವಾಲಾಮುಖಿಗಳು ಸುಮ್ನೆ ಎಲ್ಲೆಂದರಲ್ಲಿ ಎದ್ದಿಲ್ಲ, ಸಾಲಾಗಿ ನಿಂತಿವೆ. ಇಳಿಯುವ ತಟ್ಟೆ ಹೆಚ್ಚುಕಡಿಮೆ 100 ಕಿಲೋಮೀಟರ್ ಆಳ ಮುಟ್ಟುವ ಜಾಗ ಇದೆಯಲ್ಲ, ಸರಿಯಾಗಿ ಅದರ ಮೇಲೆ. ಆ ತಟ್ಟೆ ಸಮುದ್ರದ ನೀರನ್ನು ಕಲ್ಲಿನೊಳಗೆ ಕಟ್ಟಿಕೊಂಡು ಹೋಗಿರುತ್ತದೆ. ಕೆಳಗಿನ ಬಿಸಿಗೆ, ಒತ್ತಡಕ್ಕೆ ನೀರು ಹೊರಬರುತ್ತದೆ. ಮೇಲಿನ ಕಲ್ಲು ಮೊದಲೇ ಕಾದಿರುತ್ತದೆ, ನೀರು ಸೇರಿದ ತಕ್ಷಣ ಕಡಿಮೆ ಬಿಸಿಗೇ ಕರಗುತ್ತದೆ. ಉಪ್ಪು ಹಾಕಿದ ಮಂಜುಗಡ್ಡೆ ಕೊರೆಯುವ ಚಳಿಯಲ್ಲೂ ಕರಗುವುದಿಲ್ಲವೇ, ಹಾಗೆ. ಕರಗಿದ್ದು ಮೇಲೇರುತ್ತದೆ, ಬೆಟ್ಟ ಉಗುಳುತ್ತದೆ. ಪೆರು ದೇಶದ ಒಂದು ಭಾಗದಲ್ಲಿ ತಟ್ಟೆ ಕೆಳಗೆ ಇಳಿಯದೆ ಚಾಪೆಯಂತೆ ಮಲಗಿಕೊಂಡೇ ಸಾಗುತ್ತದೆ. ಅಲ್ಲಿ ಜ್ವಾಲಾಮುಖಿಯ ಸಾಲೇ ಕಡಿದುಹೋಗಿದೆ! ಬೆಟ್ಟ ಎಲ್ಲಿ ಏಳಬೇಕು ಅಂತ ನಿರ್ಧರಿಸುವುದೂ ಆಳವೇ.

ಇಲ್ಲಿ ಒಂದು ನಿಮಿಷ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಈಗಲೇ ಮಾಡಿ. ಕನ್ನಡದಲ್ಲಿ ಭೂವಿಜ್ಞಾನ ಮಾತಾಡುವವರು ಕಡಿಮೆ, ನೀವು ಬಂದರೆ ನನಗೆ ನಿಜವಾಗಿಯೂ ಬಲ.

ಈಗ ಇನ್ನೊಂದು ಕಾಮೆಂಟ್. "ಹವಾಯಿ ಪ್ಲೇಟಿನ ನಡುವೆ ಇದೆ, ಅಲ್ಲೂ ಜ್ವಾಲಾಮುಖಿ ಇದೆ, ನಿಮ್ಮ ಕಥೆ ಸುಳ್ಳು." ಅಯ್ಯೋ ಮಾರಾಯರೇ, ಹವಾಯಿಯ ಆಳ ನೋಡಿದ್ದೀರಾ? ನೂರಾರು ಕಿಲೋಮೀಟರ್ ಇಳಿಯುವ ಮೆಟ್ಟಿಲು ಅಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಅದು ಬೇರೆ ಜಾತಿಯದ್ದು ಅಂತ ಗೊತ್ತಾಗುವುದು. ಕೆಳಗಿನ ಬಿಸಿ ಅನ್ನುವ ಒಲೆ ಅಲ್ಲೇ ಇದೆ, ಮೇಲಿನ ತಟ್ಟೆ ಅನ್ನುವ ತವಾ ವಾಯವ್ಯಕ್ಕೆ ಸರಿಯುತ್ತಿದೆ. ತವಾದ ಮೇಲೆ ಸುಟ್ಟ ಕಲೆಗಳೇ ಆ ದ್ವೀಪಗಳು. ದೊಡ್ಡ ದ್ವೀಪಕ್ಕೆ ಇನ್ನೂ 10 ಲಕ್ಷ ವರ್ಷ ತುಂಬಿಲ್ಲ, ವಾಯವ್ಯದ ಕವಾಯಿಗೆ ಸುಮಾರು 50 ಲಕ್ಷ ವರ್ಷ. ತಟ್ಟೆ ಯಾವ ಕಡೆ ನಡೆಯುತ್ತಿದೆ ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು?

"ಕಿಲ್ಲಾರಿ ಪ್ಲೇಟಿನ ಅಂಚಲ್ಲಿ ಇರಲಿಲ್ಲವಲ್ಲ" ಅನ್ನುತ್ತಾರೆ. ಇರಲಿಲ್ಲ. 1993ರ ಸೆಪ್ಟೆಂಬರ್ 30, ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ. ನಮ್ಮ ಬೀದರ್, ಕಲಬುರಗಿಯವರೂ ನಡುಗಿದರು. ಅಂಥವು ಅಪರೂಪ. ಒಂದು ಕಿಲ್ಲಾರಿ ತೋರಿಸಿ ಲೋಕದ ನಕ್ಷೆಯಲ್ಲಿ ಪ್ಲೇಟಿನ ಅಂಚುಗಳ ಉದ್ದಕ್ಕೂ ಇರುವ ಸಾವಿರಾರು ಭೂಕಂಪದ ಚುಕ್ಕಿಗಳನ್ನು ಒರೆಸಲು ಆಗುವುದಿಲ್ಲ. ಅಳತೆ 6.2, ಸತ್ತವರು ಸುಮಾರು 10,000. ಯಾಕೆ ಅಷ್ಟು? ಕಲ್ಲು ಮಣ್ಣಿನ ಮನೆಗಳು ಕುಸಿದವು, ಕಂಪನ ನೆಲಕ್ಕೆ ತೀರಾ ಹತ್ತಿರ ಇತ್ತು. ಮತ್ತೆ ಆಳ!

ಇನ್ನೂ ನಂಬಿಕೆ ಬರಲಿಲ್ಲವೇ? 2005ರ ಅಕ್ಟೋಬರ್, ಕಾಶ್ಮೀರ. 7.6. ಆಳ 30 ಕಿಲೋಮೀಟರ್‌ಗಿಂತ ಕಡಿಮೆ. 70,000ಕ್ಕೂ ಜಾಸ್ತಿ ಜನ ಹೋದರು. 2015ರ ಅಕ್ಟೋಬರ್, ಹಿಂದೂಕುಷ್. 7.5. ಆಳ 200 ಕಿಲೋಮೀಟರ್‌ಗೂ ಕೆಳಗೆ. ಸತ್ತವರು ಸುಮಾರು 400. ಅದೂ ದುಃಖವೇ. ಆದರೆ ಟಿವಿಯವರು ಎರಡಕ್ಕೂ ಅದೇ ಕೆಂಪು ಅಕ್ಷರ ಹಾಕಿದರೆ ಜನಕ್ಕೆ ಏನು ಅರ್ಥವಾಗಬೇಕು? 2013ರಲ್ಲಿ ರಷ್ಯಾದ ಪೂರ್ವದ ಒಖೋಟ್ಸ್ಕ್ ಸಮುದ್ರದ ಅಡಿ 8.3! ಆಳ ಸುಮಾರು 600 ಕಿಲೋಮೀಟರ್. ದೂರದ ಮಾಸ್ಕೋದವರೆಗೂ ನೆಲ ಅಲುಗಿತು, ದೊಡ್ಡ ಹಾನಿ ಆಗಲಿಲ್ಲ. ಆಳ, ಆಳ, ಆಳ!

"ಇದೆಲ್ಲ ಹೊರದೇಶದವರ ಲೆಕ್ಕ" ಅಂತಲೂ ಒಬ್ಬರು ಹಾಕಿದ್ದಾರೆ. ನಮ್ಮ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಭೂಕಂಪ ಅಳೆಯುವ ಯಂತ್ರಗಳ ಸಾಲೇ ಇದೆ ಸ್ವಾಮಿ. ದೂರದ ಅಣುಬಾಂಬ್ ಪರೀಕ್ಷೆ ಪತ್ತೆ ಮಾಡಲು ನೆಟ್ಟದ್ದು. ಸ್ಫೋಟ ಯಾವುದು, ಭೂಕಂಪ ಯಾವುದು ಅಂತ ಬಿಡಿಸಿ ಹೇಳಲು ಅಲ್ಲೂ ಆಳ ಬೇಕು. ಇದಕ್ಕಿಂತ ಹೆಚ್ಚು ಏನು ಹೇಳಲಿ ನಾನು? ನನ್ನ ಗಂಟಲು ಒಣಗಿತು.

ಮುಂದಿನ ವಾರ ಅಂಡಮಾನಿನ ಬ್ಯಾರೆನ್ ದ್ವೀಪ. 150ಕ್ಕೂ ಹೆಚ್ಚು ವರ್ಷ ಮಲಗಿ 1991ರಲ್ಲಿ ಎದ್ದ ನಮ್ಮ ಜ್ವಾಲಾಮುಖಿ. ಅದರ ಕೆಳಗೆ ಯಾವ ತಟ್ಟೆ ಇಳಿಯುತ್ತಿದೆ ಅಂತ ಮೊದಲೇ ಗೊತ್ತಿದ್ದವರು ಕಾಮೆಂಟಿನಲ್ಲಿ ಹಾಕಿ. ಬೆಲ್ ಒತ್ತಿ, ಮನೆಯಲ್ಲಿ ಮಕ್ಕಳಿದ್ದರೆ ಕರೆದು ತೋರಿಸಿ. ಅಷ್ಟರಲ್ಲಿ ಎಲ್ಲಾದರೂ ಭೂಕಂಪದ ಸುದ್ದಿ ಬಂದರೆ, ಆ ಚಾನೆಲ್ಲಿನವರ ಪೇಜಿಗೆ ಹೋಗಿ ಒಂದೇ ಸಾಲು ಬರೆಯಿರಿ: ಆಳ ಎಷ್ಟು?