ಡಾಲ್ಫಿನ್ ಎಮ್ಯುಲೇಟರ್: ಆಟ ತಡವರಿಸಿದರೆ ಯಾವ ಸೆಟ್ಟಿಂಗ್ ಮುಟ್ಟಬೇಕು?

[ಪರದೆ: ಆಟ ನಡೆಯುತ್ತಿದೆ. ಹೊಸ ಶತ್ರು ಕಾಣಿಸಿಕೊಂಡ ಕೂಡಲೇ ಚಿತ್ರ ಅರೆಕ್ಷಣ ನಿಂತು ಮುಂದುವರಿಯುತ್ತದೆ.]

ನಮಸ್ಕಾರ. ನಿಂಟೆಂಡೊ ಕನ್ಸೋಲ್‌ಗಳಾದ ಗೇಮ್‌ಕ್ಯೂಬ್ ಅಥವಾ ವೀ ಆಟಗಳನ್ನು ಪಿಸಿಯಲ್ಲಿ ನಡೆಸುವ ತಂತ್ರಾಂಶವೇ ಡಾಲ್ಫಿನ್; ಅದರಲ್ಲಿ ಆಡುವವರಿಗೆ ಈ ತಡವರಿಕೆ ಹೊಸದೇನಲ್ಲ. ಇದನ್ನು ಕಂಡೊಡನೆ ಅನೇಕರು ರೆಸಲ್ಯೂಶನ್ ಇಳಿಸುತ್ತಾರೆ. ಅದರಿಂದ ಚಿತ್ರ ಮಸುಕಾಗುತ್ತದೆಯೇ ಹೊರತು ತಡವರಿಕೆ ಹೋಗುವುದಿಲ್ಲ.

2001ರಲ್ಲಿ ಬಂದ ಗೇಮ್‌ಕ್ಯೂಬ್‌ನ ಗ್ರಾಫಿಕ್ಸ್ ಚಿಪ್‌ನ ಹೆಸರು ಫ್ಲಿಪ್ಪರ್. ಬಣ್ಣ ಮತ್ತು ಟೆಕ್ಸ್ಚರ್‌ಗಳನ್ನು ಬೆರೆಸಲು ಅದರಲ್ಲಿ 16ರವರೆಗೆ ಹಂತಗಳನ್ನು ಜೋಡಿಸಬಹುದಿತ್ತು, ಆ ಜೋಡಣೆಯನ್ನು ಆಟವು ನಿಂತ ನಿಲುವಿನಲ್ಲೇ ಬದಲಿಸುತ್ತಿತ್ತು. ಪಿಸಿಯಲ್ಲಿ ಹಾಗಲ್ಲ. ಪ್ರತಿ ಹೊಸ ಜೋಡಣೆಗೂ ಡಾಲ್ಫಿನ್ ಒಂದು ಶೇಡರ್, ಅಂದರೆ ಗ್ರಾಫಿಕ್ಸ್ ಚಿಪ್ ನಡೆಸುವ ಪುಟ್ಟ ಪ್ರೋಗ್ರಾಂ, ಬರೆಯಬೇಕು, ಗ್ರಾಫಿಕ್ಸ್ ಡ್ರೈವರ್ ಅದನ್ನು ಚಿಪ್‌ನ ಭಾಷೆಗೆ ಕಂಪೈಲ್ ಮಾಡಬೇಕು, ಅಲ್ಲಿಯವರೆಗೆ ಆಟ ಕಾದು ನಿಲ್ಲುತ್ತದೆ. ಒಮ್ಮೆ ತಯಾರಾದ ಶೇಡರ್ ಕ್ಯಾಶ್‌ನಲ್ಲಿ ಉಳಿಯುವುದರಿಂದ, ಅದೇ ಜಾಗಕ್ಕೆ ಎರಡನೆಯ ಸಲ ಹೋದಾಗ ಆಟ ಸರಾಗವಾಗಿ ಸಾಗಿದರೆ ಕಾರಣ ಇದೇ ಎಂದು ತಿಳಿಯಬಹುದು.

[ಪರದೆ: ಗ್ರಾಫಿಕ್ಸ್ ಕಿಟಕಿ, ಜನರಲ್ ಟ್ಯಾಬ್, ಶೇಡರ್ ಕಂಪೈಲೇಶನ್.]

ಇದಕ್ಕೆ ಡಾಲ್ಫಿನ್ ತಂಡ 2017ರಲ್ಲಿ ತಂದ ಉತ್ತರ ಊಬರ್‌ಶೇಡರ್. ಜೋಡಣೆಗೊಂದು ಶೇಡರ್ ಬರೆಯುವ ಬದಲು, ಫ್ಲಿಪ್ಪರ್‌ನ ಇಡೀ ಬೆರೆಸುವ ವ್ಯವಸ್ಥೆಯನ್ನೇ ಅನುಕರಿಸುವ ದೊಡ್ಡ ಶೇಡರ್ ಇದು. ಯಾವ ಜೋಡಣೆ ಬಂದರೂ ಕಾಯದೆ ಬಿಡಿಸಬಲ್ಲದು, ಆದರೆ ಪಿಸಿಯ ಗ್ರಾಫಿಕ್ಸ್ ಚಿಪ್‌ಗೆ, ಅಂದರೆ ಜಿಪಿಯುಗೆ, ಬಲು ಭಾರ. ಹಾಗಾಗಿ ಹೈಬ್ರಿಡ್ ಆಯ್ಕೆಯೇ ನನ್ನ ಮೆಚ್ಚಿನದು: ಹಿನ್ನೆಲೆಯಲ್ಲಿ ನಿರ್ದಿಷ್ಟ ಶೇಡರ್ ತಯಾರಾಗುವವರೆಗೆ ಮಾತ್ರ ದೊಡ್ಡದನ್ನು ಬಳಸಿ, ಆಮೇಲೆ ಹಗುರವಾದುದಕ್ಕೆ ಮರಳುತ್ತದೆ. ಸದಾ ಊಬರ್‌ಶೇಡರನ್ನೇ ಬಳಸುವ ಎಕ್ಸ್‌ಕ್ಲೂಸಿವ್ ಆಯ್ಕೆಯನ್ನು ಬಲವಾದ ಗ್ರಾಫಿಕ್ಸ್ ಕಾರ್ಡ್ ಇರುವವರು ಪ್ರಯತ್ನಿಸಲಿ. ಸ್ಕಿಪ್ ಡ್ರಾಯಿಂಗ್‌ನಲ್ಲಿ ಶೇಡರ್ ಸಿದ್ಧವಾಗುವ ತನಕ ಆ ವಸ್ತುವೇ ಕಾಣಿಸದು.

ಆಟ ಆಗಾಗ ನಿಲ್ಲದೆ, ಉದ್ದಕ್ಕೂ ನಿಧಾನವಾಗಿದ್ದರೆ ವಿಷಯ ಬೇರೆ. ಆಗ ಎನ್‌ಹ್ಯಾನ್ಸ್‌ಮೆಂಟ್ಸ್ ಟ್ಯಾಬ್‌ನಲ್ಲಿ ಇಂಟರ್ನಲ್ ರೆಸಲ್ಯೂಶನ್ ಅನ್ನು ಮೂಲ ಅಳತೆಗೆ, ಅಂದರೆ 640×528ಕ್ಕೆ ಇಳಿಸಿ ನೋಡಿ. ವೇಗ ಏರಿದರೆ ಜಿಪಿಯು ಸೋಲುತ್ತಿತ್ತು ಎಂದರ್ಥ; ಏರದಿದ್ದರೆ ಭಾರವಿರುವುದು ಬಹುಮಟ್ಟಿಗೆ ಪ್ರೊಸೆಸರ್ ಮೇಲೆ, ರೆಸಲ್ಯೂಶನ್ ಅನ್ನು ಮತ್ತೆ ಮೇಲಕ್ಕೇ ಇಡಿ. 1080ಪಿ ಪರದೆಗೆ 3 ಪಟ್ಟು ಸಾಕು, 4ಕೆ ಪರದೆಗೆ 6 ಪಟ್ಟು. 3 ಪಟ್ಟು ಎಂದರೆ ಅಗಲವೂ ಎತ್ತರವೂ ಮೂರು ಪಟ್ಟಾಗಿ, ಬಿಡಿಸಬೇಕಾದ ಪಿಕ್ಸೆಲ್‌ಗಳು 9 ಪಟ್ಟಾಗುತ್ತವೆ ಎಂಬುದು ನೆನಪಿರಲಿ. ಇದರ ಮೇಲೆ, ಅಂಚುಗಳನ್ನು ನಯಗೊಳಿಸುವ ಎಸ್‌ಎಸ್‌ಎಎ ಹಾಕುವುದು ಜಿಪಿಯುಗೆ ದುಬಾರಿ.

[ಪರದೆ: ಹ್ಯಾಕ್ಸ್ ಟ್ಯಾಬ್. ‘ಸ್ಕಿಪ್ ಇಎಫ್‌ಬಿ ಆಕ್ಸೆಸ್ ಫ್ರಮ್ ಸಿಪಿಯು’ ಮೇಲೆ ಕರ್ಸರ್.]

ಹ್ಯಾಕ್ಸ್ ಟ್ಯಾಬ್‌ನಲ್ಲಿರುವುದನ್ನೆಲ್ಲ ಕಣ್ಣುಮುಚ್ಚಿ ಆನ್ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಈ ಆಯ್ಕೆಯನ್ನೇ ನೋಡಿ: ಬಿಡಿಸಿದ ಚಿತ್ರವಿರುವ ಮೆಮೊರಿಯಿಂದ (ಇಎಫ್‌ಬಿ) ಪ್ರೊಸೆಸರ್ ಏನನ್ನೂ ಓದಿಕೊಳ್ಳದಂತೆ ಇದು ತಡೆಯುತ್ತದೆ, ಕೆಲವು ಆಟಗಳ ವೇಗವೂ ಹೆಚ್ಚುತ್ತದೆ. ಆದರೆ 2007ರ ಸೂಪರ್ ಮಾರಿಯೊ ಗ್ಯಾಲಕ್ಸಿಯಲ್ಲಿ ಪಾಯಿಂಟರ್ ಹಿಡಿದು ಸ್ಟಾರ್ ಬಿಟ್‌ಗಳನ್ನು ಆಯ್ದುಕೊಳ್ಳುವುದು ಆ ಓದಿನ ಬಲದಿಂದಲೇ. ಆಯ್ಕೆ ಆನ್ ಆಗಿದ್ದರೆ ಚಿತ್ರದಲ್ಲಿ ಊನವೇನೂ ಕಾಣದೆ, ಪಾಯಿಂಟರ್ ಮಾತ್ರ ಕೆಲಸಕ್ಕೆ ಬಾರದಂತಾಗುತ್ತದೆ. ಆಡುವವರು ಕಂಟ್ರೋಲರನ್ನು ದೂರುತ್ತಾ ಕೂರುತ್ತಾರೆ.

ಒಂದೇ ಆಟಕ್ಕೆ ಬೇಕಾದ ಬದಲಾವಣೆಯನ್ನು ಎಲ್ಲ ಆಟಗಳಿಗೂ ಹೇರಬೇಕಾಗಿಲ್ಲ. ಪಟ್ಟಿಯಲ್ಲಿ ಆ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಅಲ್ಲಿಯೇ ಬದಲಿಸಿದರೆ ಉಳಿದ ಆಟಗಳು ಹಾಗೆಯೇ ಇರುತ್ತವೆ.