ಅರ್ಧ ಪಹಣಿ ಹಾಕಿ ನಿಂತ ಪ್ರಿಂಟರ್

ಟಡಂಗ್... ಈ ಸದ್ದು ಕೇಳಿಸಿತಾ? ವಿಂಡೋಸ್ ಲ್ಯಾಪ್‌ಟಾಪ್ ಬಳಸುವವರಿಗೆ ಗೊತ್ತಿರುತ್ತದೆ, ಯುಎಸ್‌ಬಿ ಕಳಚಿದಾಗ ಬರುವ ಸದ್ದು. ಆದರೆ ಇಲ್ಲಿ ಯಾರೂ ಏನನ್ನೂ ಕಳಚಿಲ್ಲ.

ಇದು ಕೊಪ್ಪಳದಲ್ಲಿ ನಮ್ಮಣ್ಣನ ಅಂಗಡಿ. ಜೆರಾಕ್ಸ್, ಪಹಣಿ, ಆನ್‌ಲೈನ್ ಅರ್ಜಿ, ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯೋದು, ಎಲ್ಲವೂ ಹತ್ತಡಿ ಜಾಗದಲ್ಲೇ. ಬೆಳೆ ವಿಮೆ ಕಟ್ಟುವ ದಿನಗಳು ಬೇರೆ, ಬೆಳಗಿನ ಬಸ್ಸಿಗೆ ಬಂದವರು ಬಾಗಿಲ ತನಕ ನಿಂತಿದ್ದಾರೆ. ನಿಜ ಹೇಳಬೇಕೆಂದರೆ ನಾನು ಬಂದಿದ್ದು ಗವಿಮಠದ ಗುಡ್ಡ ಹತ್ತಿ ಊರು ಶೂಟ್ ಮಾಡೋಣ ಅಂತ. ಅಷ್ಟರಲ್ಲಿ ಅಣ್ಣನ ಫೋನು. "ತಮ್ಮಾ, ಪ್ರಿಂಟರ್ ಕೈ ಕೊಟ್ಟೈತಿ, ಲಗೂನ ಬಾ."

ಬಂದು ನೋಡಿದರೆ ಪಹಣಿ ಅರ್ಧಕ್ಕೇ ನಿಂತಿದೆ. ಸರ್ವೆ ನಂಬರ್ ಬಂದಿದೆ, ಮಾಲೀಕರ ಹೆಸರಿನ ಮೇಲರ್ಧ ಬಂದಿದೆ, ಅಲ್ಲಿಂದ ಕೆಳಗೆ ಬಿಳಿ ಹಾಳೆ. ಅಣ್ಣ ಅಷ್ಟರಲ್ಲಾಗಲೇ ಇಂಕ್ ನೋಡಿದ್ದ, ಡ್ರೈವರ್ ತೆಗೆದು ಮತ್ತೆ ಹಾಕಿದ್ದ, ಪ್ರಿಂಟರ್ ತಲೆಗೆ ಎರಡು ಏಟು ಕೂಡ ಕೊಟ್ಟಿದ್ದ. ಹೊಸ ಪ್ರಿಂಟರಿನ ರೇಟು ಕೇಳೋಕೆ ಫೋನ್ ಕೈಯಲ್ಲೇ ಇತ್ತು.

ನಾನು ಕ್ಯಾಮೆರಾ ಮೇಜಿನ ಮೇಲಿಟ್ಟು ಸುಮ್ನೆ ಕೂತೆ. ಈಗ ಸ್ಕ್ರೀನಿನ ಎಡಗಡೆ ಮೂಲೆ ನೋಡಿ. ಆ ಕಪ್ಪು ಡಬ್ಬಿ ಯುಎಸ್‌ಬಿ ಹಬ್. ಲ್ಯಾಪ್‌ಟಾಪಿನಲ್ಲಿ ಇರೋದು ಎರಡೇ ತೂತು, ಹಾಗಾಗಿ ಮೌಸು, ವೆಬ್‌ಕ್ಯಾಮ್, ಹೆಬ್ಬೆಟ್ಟು ಮಿಷನ್, ಪ್ರಿಂಟರ್ ನಾಲ್ಕೂ ಇದಕ್ಕೇ ಜೋತುಬಿದ್ದಿವೆ. ಪಕ್ಕದಲ್ಲಿ ಒಬ್ಬ ಅಜ್ಜಿ ಪಿಂಚಣಿಗೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಕಳೆ ತೆಗೆದು ತೆಗೆದು ಬೆರಳಿನ ಗೆರೆ ಸವೆದಿವೆ, ಒಂದೇ ಸಲಕ್ಕೆ ಹಿಡಿಯೋದಿಲ್ಲ. ಮತ್ತೆ ಒತ್ತು, ಮತ್ತೆ ಒರೆಸು. ಪ್ರತಿ ಸಲ ಮಿಷನ್ನಿನ ಕೆಂಪು ಲೈಟು ಹತ್ತುತ್ತದೆ. ಈಗ ಹಬ್ಬಿನ ನೀಲಿ ಲೈಟು ನೋಡಿ. ಕೆಂಪು ಹತ್ತಿದ ಕೂಡಲೇ ನೀಲಿ ಒಂದು ಸಲ ಮಂಕಾಯಿತಾ? ಟಡಂಗ್. ಪ್ರಿಂಟರ್ ಗಪ್‌ಚುಪ್.

ಪ್ರಿಂಟರಿಗೆ ಹಬ್ಬಿನ ಕರೆಂಟ್ ಸಾಲುತ್ತಿಲ್ಲ ಅಂತ ಅಣ್ಣ ತೀರ್ಪು ಕೊಟ್ಟ. ಅಲ್ಲ. ಪ್ರಿಂಟರಿಗೆ ಅದರದ್ದೇ ವೈರು ಗೋಡೆಗೆ ಹೋಗಿದೆ. ಯುಎಸ್‌ಬಿಯಿಂದ ಅದಕ್ಕೆ ಬೇಕಾಗಿರೋದು ಮಾತು ಅಷ್ಟೇ, ಊಟ ಅಲ್ಲ. ಊಟ ಮಾಡುತ್ತಿರೋದು ಉಳಿದವರು. ಯುಎಸ್‌ಬಿ 2.0 ತೂತು ಕೊಡಬೇಕಾದ್ದು 500 ಮಿಲಿಆಂಪಿಯರ್. ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಎಲ್ಲರಿಗೂ ಹಂಚಬೇಕು, ತನ್ನ ಹೊಟ್ಟೆಗೂ ಅದರಲ್ಲೇ. ನಿಯಮದ ಪ್ರಕಾರ ಒಂದೊಂದು ತೂತಿಗೆ ಬರೋದು 100. ಹೆಬ್ಬೆಟ್ಟು ಮಿಷನ್ ಅಷ್ಟಕ್ಕೆ ತೃಪ್ತಿಪಡುವ ಪೈಕಿ ಅಲ್ಲ. ಅದು ಒಮ್ಮೆಗೇ ಜಾಸ್ತಿ ಎಳೆದಾಗ ವೋಲ್ಟೇಜ್ ಕುಸಿದು ಹಬ್ಬೇ ಆಫ್ ಆಗಿ ಆನ್ ಆಗುತ್ತದೆ. ಅದಕ್ಕೆ ಜೋಡಿಸಿದ್ದೆಲ್ಲವೂ ಕಳಚಿ ಮತ್ತೆ ಅಂಟಿಕೊಳ್ಳುತ್ತದೆ.

ಹಾಗಾದರೆ ಪ್ರಿಂಟರ್ ಮಾತ್ರ ಯಾಕೆ ಕೆಟ್ಟಂಗೆ ಕಾಣುತ್ತದೆ? ಮೌಸು ಒಂದು ಸೆಕೆಂಡ್ ಸತ್ತು ಹುಟ್ಟಿದರೆ ಯಾರಿಗೂ ಗೊತ್ತಾಗೋದಿಲ್ಲ. ಅಜ್ಜಿ ಹೇಗೂ ಇನ್ನೊಮ್ಮೆ ಒತ್ತುತ್ತಾರೆ. ಅರ್ಧ ಹಾಳೆ ಒಳಗೆ ಹೋದ ಪ್ರಿಂಟರ್ ಎಲ್ಲಿಗೆ ಹೋಗಬೇಕು, ಅಲ್ವಾ? ಕದ್ದವನು ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ.

ಪ್ರಿಂಟರ್ ಕೇಬಲ್ ಕಿತ್ತು ಸೀದಾ ಲ್ಯಾಪ್‌ಟಾಪಿಗೆ ಹಾಕಿದೆ. ಪ್ರಿಂಟ್ ಕೊಟ್ಟೆ. ಏನೂ ಬರಲಿಲ್ಲ. "ನಾ ಹೇಳಿರಲಿಲ್ಲೇನು" ಅನ್ನುವ ಮುಖ ಮಾಡಿದ ಅಣ್ಣ. ಇದೊಂದು ಬೇರೆ ಕಥೆ. ತೂತು ಬದಲಾದಾಗ ವಿಂಡೋಸ್ ಕೆಲವೊಮ್ಮೆ ಅದೇ ಪ್ರಿಂಟರನ್ನು ಹೊಸ ಪ್ರಿಂಟರ್ ಅಂದುಕೊಳ್ಳುತ್ತದೆ. ಪಟ್ಟಿಯಲ್ಲಿ ನೋಡಿ, ಅದೇ ಹೆಸರು, ಮುಂದೆ 'ಕಾಪಿ 1'. ನಾವು ಕೊಟ್ಟ ಪ್ರಿಂಟೆಲ್ಲ ಹಳೆಯ ಹೆಸರಿಗೇ ಹೋಗಿ ಸಾಲು ನಿಂತಿದೆ, ಆ ಹೆಸರಿನ ಪ್ರಿಂಟರ್ ಆಫ್‌ಲೈನ್. ಹಳೆಯದರ ಪ್ರಿಂಟರ್ ಪ್ರಾಪರ್ಟೀಸ್, ಅಲ್ಲಿ ಪೋರ್ಟ್ಸ್, ಯುಎಸ್‌ಬಿ 001 ಟಿಕ್ ತೆಗೆದು ಯುಎಸ್‌ಬಿ 002ಕ್ಕೆ ಹಾಕಿದೆ.

ಸಾಲು ಖಾಲಿ ಮಾಡಿ ಆಮೇಲೆ ಹಾಕಬೇಕಿತ್ತು. ಮರೆತೆ. ಬೆಳಗಿನಿಂದ ಸಿಕ್ಕಿಕೊಂಡಿದ್ದ ಹನ್ನೊಂದು ಪಹಣಿ ಒಂದರ ಹಿಂದೆ ಒಂದು ಉದುರಿದವು. ಅದರಲ್ಲಿ ನಾಲ್ಕು ಒಬ್ಬರದ್ದೇ. ಅವರು ನಾಲ್ಕನ್ನೂ ಮಡಚಿ ಜೇಬಿಗೆ ಹಾಕಿಕೊಂಡು "ಇರಲಿ ಬಿಡ್ರಿ, ಬೇಕಾಗ್ತಾವ" ಅಂದರು.

ಸಂಜೆ ಅಡಾಪ್ಟರ್ ಇರುವ ಹಬ್ ತಂದೆವು. ಹೆಬ್ಬೆಟ್ಟು ಮಿಷನ್, ವೆಬ್‌ಕ್ಯಾಮ್, ಮೌಸು ಅದಕ್ಕೆ. ಪ್ರಿಂಟರ್ ಮಾತ್ರ ಸೀದಾ ಲ್ಯಾಪ್‌ಟಾಪಿಗೆ, ಅದರ ಜಾಗ ಯಾರಿಗೂ ಕೊಡೋದಿಲ್ಲ. ಹಬ್ಬಿನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕೋದು ಮರೆಯಬೇಡಿ. ಇಲ್ಲವಾದರೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬದುಕಿರುತ್ತದೆ, ಹಬ್ ಮತ್ತೆ ಹಳೇ ಬಡತನಕ್ಕೆ ಬರುತ್ತದೆ.

ಅಜ್ಜಿಯ ಹೆಬ್ಬೆಟ್ಟು ಐದನೇ ಸಲಕ್ಕೆ ಹಿಡಿಯಿತು. ಹಾಳಾದ ಅರ್ಧ ಪಹಣಿಗಳ ಹಿಂಬದಿಯಲ್ಲಿ ಅಣ್ಣ ಉದ್ರಿ ಲೆಕ್ಕ ಬರೆಯುತ್ತಿದ್ದಾನೆ. ಮೊದಲನೇ ಸಾಲಿನಲ್ಲಿ ನನ್ನ ಹೆಸರಿದೆ, ಹಬ್ಬಿನ ದುಡ್ಡು ಕೊಡೋದು ಬಾಕಿ ಅಂತೆ.